ಚಾಂಪಿಯನ್ ರೀಫ್ಸ್‌ಗೆ ಕೊನೆಯ ವ್ಯಾನ್

ಚಾಂಪಿಯನ್ ರೀಫ್ಸ್‌ನ ಹಳೇ ಚಿನ್ನದ ಗಣಿ ಕಾರ್ಮಿಕರ ಮನೆಗಳಿಗೆ ವಾರಕ್ಕೊಮ್ಮೆ ಹೋಗುತ್ತಿದ್ದ ಸರ್ಕಾರಿ ಆರೋಗ್ಯ ವ್ಯಾನಿನಲ್ಲಿ ನಾನು ನರ್ಸ್. ಮುಂದಿನ ತಿಂಗಳಿಂದ ವ್ಯಾನ್ ಇಲ್ಲ ಅಂತ ರೋಗಿಗಳಿಗೆ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು.

ಪೆರುಮಾಳ್ ತಾತನ ಎದೆಯಲ್ಲಿ ಗಣಿಯ ಕಲ್ಲುಧೂಳು ಕೂತಿದೆ. ನಾಲ್ಕು ಮಾತಾಡಿದರೆ ಉಸಿರು ಸಾಲುವುದಿಲ್ಲ. ಔಷಧದ ಹಬೆ ಎಳೆಯುತ್ತಿದ್ದವನು ಮಾಸ್ಕ್ ತೆಗೆದು, "ಯಾಕೆ ಸಿಸ್ಟರ್?" ಅಂದ.

"ಸರ್ಕಾರ ಅಂಗಡಿ ಸಾಮಾನಿನ ಮೇಲಿನ ತೆರಿಗೆ ಇಳಿಸ್ತಲ್ಲ ತಾತ. ಜನ ಹೆಚ್ಚು ಕೊಳ್ತಾರೆ, ಹೋದ ತೆರಿಗೆ ವಾಪಸ್ ಬರುತ್ತೆ ಅಂದ್ಕೊಂಡಿದ್ರು. ಅಷ್ಟು ಬರಲಿಲ್ಲ. ಖರ್ಚು ಮಾತ್ರ ಏರ್ತಾನೇ ಇದೆ. ಕೊರತೆಗೆ ಸಾಲ ಮಾಡಿ, ಸಾಲಕ್ಕೆ ಬಡ್ಡಿ ಕಟ್ಟಿ, ಈಗ ಕೈಗೆ ಸಿಕ್ಕ ಸಣ್ಣಪುಟ್ಟದ್ದನ್ನೆಲ್ಲ ನಿಲ್ಲಿಸ್ತಿದ್ದಾರೆ."

"ತೆರಿಗೆ ಇಳಿಸಿದ್ದು ನಮ್ಗೋಸ್ಕರ ತಾನೆ?"

"ಹೂಂ."

"ವ್ಯಾನ್ ನಿಲ್ಸಿದ್ದು?"

ಬಂಗಾರಪೇಟೆ ಆಸ್ಪತ್ರೆಗೆ ರೈಲಿನಲ್ಲಿ ಹೋಗಿ ಅಂದೆ. ಬೀದಿಯ ಕೊನೆಯವರೆಗೂ ನಡೆಯಲಾರದ ಮನುಷ್ಯನಿಗೆ ಹಾಗೆ ಹೇಳಿದ್ದಕ್ಕೆ ಆ ಕ್ಷಣವೇ ನಾಚಿಕೆಯಾಯಿತು.

"ಸ್ಟೇಷನ್‌ಗಂಟ ಎಂಗಮ್ಮಾ ಓಗೋದು?" ಎಂದಳು ಅವನ ಹೆಂಡತಿ ಸೆಲ್ವಿ. ದನಿಯಲ್ಲಿ ಕೋಪವೇನೂ ಇರಲಿಲ್ಲ; ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಇದೇ ಕೊನೆಯ ಸುತ್ತಾದ್ದರಿಂದ ಹಬೆಯ ಯಂತ್ರವನ್ನು ಕಚೇರಿಗೆ ಒಪ್ಪಿಸಬೇಕಿತ್ತು. ಅವನ ಕಣ್ಣೆದುರೇ ವೈರು ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ತಾತ ಅದನ್ನೇ ನೋಡುತ್ತಿದ್ದು, "ನಿಂಗೆ ಬೇರೆ ಕೆಲ್ಸ ಸಿಕ್ತಾ?" ಅಂತ ಕೇಳಿದ. ಇಲ್ಲ ಅಂದೆ.

ಹೊರಡುವಾಗ ಸೆಲ್ವಿ ಟೀ ಜೊತೆ ತಟ್ಟೆ ತುಂಬ ಬಿಸ್ಕತ್ತು ತಂದಿಟ್ಟಳು. ಒಂದು ಸಾಕು ಅಂದೆ.

"ಇನ್ನೊಂದು ತಗೊಳ್ಳಮ್ಮಾ," ಅಂದಳು, "ತೆರಿಗೆ ಕಮ್ಮಿ ಆಗೈತಲ್ಲ, ಈಗ ಅಗ್ಗಕ್ಕೇ ಸಿಗ್ತೈತೆ."