ಕುದುರೆ ದಾರಿಗೆ ಬಿದ್ದ ಗೇಟು

ನಮ್ಮೂರಿನ ಗುಡ್ಡ ಚನ್ನರಾಯನದುರ್ಗದ ಹಾಗೆ ಹೆಸರು ಮಾಡಿದ್ದಲ್ಲ. ಕೊರಟಗೆರೆ ಕಡೆಯಿಂದ ಬರುವ ಚಾರಣದವರು ಅದನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗಿಬಿಡುತ್ತಾರೆ. ಆದರೂ ಅದಕ್ಕೊಂದು ಕುದುರೆ ದಾರಿ ಇದೆ. ಪಾಳೇಗಾರರ ಕಾಲದಲ್ಲಿ ಕುದುರೆ ಹತ್ತಲೆಂದೇ ಬಂಡೆ ಕಡಿದು, ಚಪ್ಪಡಿ ಹಾಸಿ ಮಾಡಿದ್ದು. ನಮ್ಮ ಕಾಲಕ್ಕೆ ಅಲ್ಲಿ ಕುದುರೆ ಮೇಲೆ ಹೋಗುತ್ತಿದ್ದವಳು ನನ್ನ ತಂಗಿ ಒಬ್ಬಳೇ.

ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ಶಿರಾದ ಮದುವೆ ಮೆರವಣಿಗೆಯವರು ವಯಸ್ಸಾಯಿತೆಂದು ಮಾರಿದ ಹೆಣ್ಣುಕುದುರೆಯನ್ನು ಅಪ್ಪ ಅವಳಿಗಾಗಿ ತಂದರು. ಎಲ್ಲಾದರೂ ಡೋಲು ಕೇಳಿಸಿದರೆ ಸಾಕು, ಈ ಮುದುಕಿ ನಿಂತಲ್ಲೇ ಕುಣಿಯೋದು. "ಗಂಡಿಲ್ದೆ ಮೆರವಣಿಗೆ ಕಣೇ ನಿಂದು" ಎಂದು ನಾನು ತಂಗಿಯನ್ನು ರೇಗಿಸುತ್ತಿದ್ದೆ.

ಗುಡ್ಡದ ಮೇಲಿನ ಮಂಟಪದ ಬಸವಣ್ಣನಿಗೆ ಸೋಮವಾರ ದೀಪ ಹಚ್ಚುವುದು ನಮ್ಮ ಮನೆಯ ಪಾಲಿನ ಕೆಲಸ. ಅಮ್ಮ ಹೋದ ಮೇಲೆ ಅದನ್ನು ತಂಗಿ ವಹಿಸಿಕೊಂಡಳು. ನಾನು ಲಗಾಮು ಹಿಡಿದು ಏದುಸಿರು ಬಿಡುತ್ತಾ ಹತ್ತುತ್ತಿದ್ದರೆ, "ಜಲ್ದಿ ನಡಿಯಕ್ಕ" ಎಂದು ಮೇಲಿಂದ ಗದರುವಳು. ಮಂಟಪದ ಜಗಲಿಗೆ ಕುದುರೆಯನ್ನು ಒತ್ತಿ ನಿಲ್ಲಿಸಿದರೆ ಅವಳೇ ಜಾರಿ ಇಳಿದು, ಕೂತಲ್ಲೇ ಸರಿಯುತ್ತಾ ಹೋಗಿ ದೀಪ ಹಚ್ಚುತ್ತಿದ್ದಳು. ಊರಲ್ಲಿ ಮಗುವಿಗೆ ಹುಷಾರು ತಪ್ಪಿದರೆ ಹೆಂಗಸರು ಎಣ್ಣೆ ತಂದು ಕೊಡುತ್ತಿದ್ದುದು ಅವಳ ಕೈಗೆ, ನನ್ನ ಕೈಗಲ್ಲ.

ಕಳೆದ ವರ್ಷ ಗುಡ್ಡ ಕರಡಿಗಳ ಸಂರಕ್ಷಿತ ಕಾಡಿಗೆ ಸೇರಿತು. ಒಂದು ಸೋಮವಾರ ಹೋದರೆ ದಾರಿಗೆ ಗೇಟು ಬಿದ್ದಿದೆ. ಪಕ್ಕದೂರಿನವನೇ ಆದ ಕಾವಲುಗಾರ ಕೈ ಅಡ್ಡ ಇಟ್ಟ.

"ಕುದುರೆ ಬುಡಂಗಿಲ್ಲ ಕಣಮ್ಮ. ಹಳೇ ಚಪ್ಪಡಿ ಕಿತ್ತೋಯ್ತವೆ, ಕಾಡುಪ್ರಾಣಿಗಳಿಗೆ ಕಾಯಿಲೆ ಬತ್ತದೆ ಅಂತ ಆರ್ಡರ್ ಆಗದೆ. ನಡ್ಕಂಡ್ ಹೋಗೋರು ಹೋಗ್ಬೋದು."

"ಕುದುರೆಗೇ ಅಂತ ಕಟ್ಟಿದ್ ದಾರಿ ಕಣಯ್ಯಾ ಇದು!" ಎಂದು ಕೂಗಾಡಿದೆ. ಕರಡಿಗಳಿಗೆ ನೆಮ್ಮದಿ ಬೇಕು, ಒಪ್ಪುತ್ತೇನೆ. ವಾರಕ್ಕೊಮ್ಮೆ ಬರುವ ಒಂದು ಮುದಿ ಕುದುರೆಯಿಂದ ಏನು ಮುಳುಗಿಹೋಗುತ್ತಿತ್ತು?

"ನಾನೇನ್ ಮಾಡ್ಲಮ್ಮ, ನನ್ ಕೆಲ್ಸ ಹೋಯ್ತದೆ" ಎಂದು ಅವನು ತಲೆ ತಗ್ಗಿಸಿದ.

ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತೇನೆ ಎಂದೆ. ತಂಗಿ ಒಪ್ಪಲಿಲ್ಲ. "ಬ್ಯಾಡ ಕಣಕ್ಕ, ನೀನೇ ಹಚ್ಚಿ ಬಾ" ಎಂದು ಎಣ್ಣೆ, ಬತ್ತಿ ಕೈಗೆ ಕೊಟ್ಟಳು.

ಒಬ್ಬಳೇ ಹತ್ತಿದೆ. ದೀಪ ಹಚ್ಚಿ, ಬಸವಣ್ಣನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಕೆಳಗೆ ಬಂದಾಗ ಅವಳು ಇನ್ನೂ ಕುದುರೆಯ ಮೇಲೇ ಇದ್ದಳು. ಕಾವಲುಗಾರ ಇಳಿಸುತ್ತೇನೆಂದರೂ ಬಿಟ್ಟಿರಲಿಲ್ಲವಂತೆ.

"ಹಚ್ಚಿದಾ?"

"ಹಚ್ಚಿದೆ."

ಊರ ಹತ್ತಿರ ಬಂದಾಗ ಮೆಲ್ಲಗೆ ಅಂದಳು: "ನಂಗೆ ಕಾಲಿಲ್ಲ ಅನ್ನೋದು ಇವತ್ ಗೊತ್ತಾಯ್ತು ಕಣಕ್ಕ."

ನಾನು ಲಗಾಮು ಹಿಡಿದು ಮುಂದೆ ನಡೆಯುತ್ತಿದ್ದೆ. ತಿರುಗಿ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.