ತಗಡಿನ ಡಬ್ಬಿಯ ಇಂಗ್ಲಿಷು

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ ಎಂಬ ಜಂಬ ನನಗೆ ನಾಲ್ಕು ವರ್ಷ ಇತ್ತು. ಹಾಸನದಲ್ಲಿ ಮಿಡ್ಲ್‌ಸ್ಕೂಲು ಮುಗಿಸಿ ಹಿರಿಯ ಸೊಸೆಯಾಗಿ ಬಂದವಳು ನಾನು. ಮಾವನವರದು ಬೆಲ್ಲದ ಮಂಡಿ. ಬೆಂಗಳೂರಿನಿಂದ ತಂತಿಯೋ ಕಾಗದವೋ ಬಂದರೆ ಅವರೇ ಎದ್ದು ಬಂದು, ನಡುಮನೆಯ ಬಾಗಿಲಲ್ಲಿ ನಿಂತು, "ಓದವ್ವಾ" ಅನ್ನುತ್ತಿದ್ದರು. ನಾನು ಸೆರಗಿಗೆ ಕೈ ಒರೆಸಿಕೊಂಡು, ಬೇಕೆಂದೇ ಸ್ವಲ್ಪ ತಡಮಾಡಿ ಓದುತ್ತಿದ್ದೆ. ಅಷ್ಟು ಹೊತ್ತು ಇಡೀ ಮನೆ ನನ್ನ ಬಾಯಿ ನೋಡುತ್ತಿತ್ತು. ಆ ಸುಖವನ್ನು ಯಾವ ಒಡವೆಯೂ ನನಗೆ ಕೊಟ್ಟಿಲ್ಲ.

ಯುದ್ಧ ನಡೆಯುತ್ತಿದ್ದಾಗ ಮೈದುನನಿಗೆ ಚನ್ನರಾಯಪಟ್ಟಣದಿಂದ ಹೆಣ್ಣು ತಂದರು. ಹಾಗೆ ಬಂದ ನನ್ನ ವಾರಗಿತ್ತಿಯ ಅಣ್ಣ ಬೆಂಗಳೂರಿನ ಮಿಲಿಟರಿ ಗೋದಾಮಿನಲ್ಲಿ ಗುಮಾಸ್ತ. ಅಲ್ಲಿನ ಅಮೆರಿಕದ ಸೋಲ್ಜರುಗಳು ತಿಂಡಿಯ ಹೆಸರಿಲ್ಲದೆ ಮಾತೇ ಆಡುವುದಿಲ್ಲವಂತೆ. ಸುಲಭದ ಕೆಲಸಕ್ಕೆ ಕೇಕಿನ ಚೂರು ಅನ್ನುತ್ತಾರೆ, ಗಾಬರಿಯಾಗದವನನ್ನು ಸೌತೆಕಾಯಿಯಂತೆ ತಣ್ಣಗಿದ್ದಾನೆ ಅನ್ನುತ್ತಾರೆ. ಆತ ಇವನ್ನೆಲ್ಲ ತಂಗಿಗೆ ಬರೆಯುತ್ತಿದ್ದ, ಜೊತೆಗೆ ಅಮೆರಿಕದ ತಿನಿಸಿನ ಡಬ್ಬಿಗಳನ್ನೂ ಕಳಿಸುತ್ತಿದ್ದ. ಅವಳು ಡಬ್ಬಿಯ ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ನೋಟ್‌ಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ಅರ್ಥ ಬರೆದುಕೊಳ್ಳುತ್ತಿದ್ದಳು. ಓದಿದ್ದು ನನಗಿಂತ ಎರಡು ಕ್ಲಾಸು ಕಡಿಮೆ. ನಾನು ಒಳಗೊಳಗೇ ನಕ್ಕಿದ್ದೆ.

ನಗು ಬಹಳ ದಿನ ಉಳಿಯಲಿಲ್ಲ. ಬೆಂಗಳೂರಿನ ವ್ಯಾಪಾರಿಯ ಕಾಗದದಲ್ಲಿ ಬೆಲ್ಲ 'ಹಾಟ್ ಕೇಕ್ಸ್' ಆಗಿದೆ ಎಂದೇನೋ ಇತ್ತು. ಬಿಸಿಲಿಗೆ ಕರಗಿ ಅಚ್ಚೆಲ್ಲ ಒಂದಕ್ಕೊಂದು ಅಂಟಿಕೊಂಡಿದೆಯಂತೆ ಎಂದು ನಾನು ಧೈರ್ಯವಾಗಿ ಹೇಳಿಬಿಟ್ಟೆ. ಮಾವನವರು ಗಾಡಿ ಕಟ್ಟುವುದನ್ನೇ ನಿಲ್ಲಿಸಿದರು. ಸಂಜೆ ಅವಳು ಕಾಗದ ನೋಡಿ, ಮೆಲ್ಲಗೆ, ಬೆಲ್ಲ ಬಿಸಿ ದೋಸೆ ಹಾಗೆ ಖರ್ಚಾಗುತ್ತಿದೆ, ಇನ್ನೂ ಕಳಿಸಿ ಎಂದಿದ್ದಾರೆ ಅಂದಳು. ಮಾರನೆಯ ವಾರ ತಂತಿ ಬಂದಾಗ ಬಾಗಿಲಲ್ಲಿ ನಿಂತ ಮಾವನವರ ಕಣ್ಣು ನನ್ನನ್ನು ದಾಟಿ ಅವಳ ಕಡೆ ಹೋಯಿತು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಆ ಬೆಂಕಿಯಲ್ಲಿ ಒಂದು ಸುಳ್ಳು ಹೇಳಿದೆ. ಅವಳ ಅಣ್ಣ ಕಳಿಸಿದ ಹಣ್ಣಿನ ಡಬ್ಬಿಯಲ್ಲಿ ಮೊಟ್ಟೆ ಸೇರಿದೆ, ಚೀಟಿಯಲ್ಲೇ ಬರೆದಿದೆ ಎಂದು ಅತ್ತೆಯ ಕಿವಿಯಲ್ಲಿ ಊದಿದೆ. ದಿನವೂ ಲಿಂಗಪೂಜೆ ನಡೆಯುವ ಮನೆ ನಮ್ಮದು. ಅತ್ತೆ ಡಬ್ಬಿಯನ್ನು ತಿಪ್ಪೆಗೆ ಎಸೆಸಿದರು. ಅವಳು ಅತ್ತಳು. ತಿಂಗಳಾದ ಮೇಲೆ ಬಂದ ಅವಳ ಅಣ್ಣ, ಹಣ್ಣು ಸಕ್ಕರೆ ಬಿಟ್ಟು ಅದರಲ್ಲಿ ಇನ್ನೇನೂ ಇರಲಿಲ್ಲವೆಂದು ಎಲ್ಲರೆದುರು ಹೇಳಿದ. ಇನ್ನು ಮೇಲೆ ಡಬ್ಬಿಯ ಚೀಟಿ ಅವಳೇ ಓದಲಿ ಅಂದರು ಅತ್ತೆ.

ಮುಂದಿನ ಡಬ್ಬಿಯ ಮೇಲೆ ಕಾಳಿನ ಚಿತ್ರವಿತ್ತು. 'ಪೋರ್ಕ್ ಅಂಡ್ ಬೀನ್ಸ್.' ಬೀನ್ಸ್ ಅಂದರೆ ನಮ್ಮ ಅವರೆಯ ಜಾತಿ ಎಂದು ಅವಳು ವಿವರಿಸಿದಳು. ಪೋರ್ಕ್ ಯಾವುದೋ ಊರಿರಬೇಕು, ಹಾಸನದ ಆಲೂಗೆಡ್ಡೆ ಅನ್ನುವುದಿಲ್ಲವೇ ಹಾಗೆ ಅಂದಳು. ಕಾಳಿಗೆ ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ಕಾಯಿ ತುರಿದು ಹಾಕಿದಳು. ನಡುವೆ ಒಂದು ಬಿಳಿ ಚೂರು ಸಿಕ್ಕಿತು. ಕೊಬ್ಬರಿ ಎಂದು ಪಕ್ಕಕ್ಕಿಟ್ಟಳು.

ನಮ್ಮ ಮಿಡ್ಲ್‌ಸ್ಕೂಲಿನ ಇಂಗ್ಲಿಷ್ ರೀಡರಿನಲ್ಲಿ ಪ್ರಾಣಿಗಳ ಹೆಸರು, ಅವುಗಳ ಮಾಂಸದ ಹೆಸರು ಇದ್ದ ಪುಟವೊಂದಿತ್ತು. ನಮಗದು ಬೇಡ ಎಂದು ಮೇಷ್ಟ್ರು ದಾಟಿಸಿದ್ದರು. ಬೇಡವೆಂದ ಪುಟವನ್ನೇ ನಾನು ಬಾಯಿಪಾಠ ಮಾಡಿದ್ದೆ.

ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಇಟ್ಟುಕೊಂಡು ಊಟಕ್ಕೆ ಕೂತ ಮಾವನವರಿಗೆ, ಅದರಲ್ಲಿ ಹಂದಿ ಮಾಂಸವಿದೆ, ಮುಟ್ಟಬೇಡಿ ಅಂದೆ. ಅವರು ತಲೆ ಎತ್ತಲೇ ಇಲ್ಲ.

"ನಿನ್ ಒಟ್ಟೆಕಿಚ್ಚು ತಟ್ಟೆ ಮುಂದೆ ಬ್ಯಾಡ ಕಣವ್ವ."

ಇನ್ನೊಂದು ಸಲ ಹೇಳಬಹುದಿತ್ತು. ಪಾತ್ರೆಯನ್ನೇ ಎತ್ತಿ ಹಿತ್ತಿಲಿಗೆ ಸುರಿಯಬಹುದಿತ್ತು. ನಂಬದವರು ತಿನ್ನಲಿ ಎಂದು ಬಾಯಿ ಮುಚ್ಚಿಕೊಂಡೆ. ಮಾವನವರು ಎರಡು ಸಲ ಬಡಿಸಿಕೊಂಡರು. ನಾನು ಹೊಟ್ಟೆ ಸರಿಯಿಲ್ಲವೆಂದು ಮಜ್ಜಿಗೆ ಕುಡಿದು ಎದ್ದೆ.

ಯುದ್ಧ ಮುಗಿದ ಮೇಲೆ ಅವಳ ಅಣ್ಣ ಒಂದು ಡಿಕ್ಷನರಿ ಕಳಿಸಿದ. ಅವಳು ನೋಟ್‌ಬುಕ್ಕಿನ ಪದಗಳನ್ನು ಒಂದೊಂದಾಗಿ ತಾಳೆ ನೋಡತೊಡಗಿದಳು. ಒಂದು ಮಧ್ಯಾಹ್ನ ನಾನು ಬಟ್ಟೆ ಒಗೆಯುತ್ತಿದ್ದಾಗ ಕಲ್ಲಿನ ಹತ್ತಿರ ಬಂದು ನಿಂತಳು.

"ಅಕ್ಕಾ, ಅವತ್ತು ನೀವು ಏಳಿದ್ದೇ ದಿಟ. ಮಾವಯ್ಯಂಗೆ ಏಳ್ಬುಡ್ತೀರಾ?"

ಡಿಕ್ಷನರಿ ಅವಳ ಕೈಯಲ್ಲೇ ಇತ್ತು. ಅದನ್ನು ಮಾವನವರ ಮುಂದೆ ತೆರೆದಿಟ್ಟರೆ ಸಾಕು, ನಾಳೆಯಿಂದ ತಂತಿಗಳೆಲ್ಲ ಮತ್ತೆ ನನ್ನವು. ಒಳಗೆ ಅವರು ಕೊರಳ ಲಿಂಗವನ್ನು ಎದೆಗೊತ್ತಿಕೊಂಡು ನಿದ್ದೆ ಮಾಡುತ್ತಿದ್ದರು.

"ಯಾವ ಡಬ್ಬಿ? ನಂಗೆ ಗ್ಯಾಪಕ ಇಲ್ಲ," ಅಂದೆ.

ಅವಳು ನನ್ನ ಒದ್ದೆ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಂಡೆ. ಕನಿಕರಪಟ್ಟೆನೇ ಹೊರತು ಅವಳು ನನಗೆ ಇಷ್ಟವಾಗಿರಲಿಲ್ಲ.

ಎರಡು ದಿನ ಕಳೆದು ತಂತಿ ಬಂತು. ಮಾವನವರು ಬಾಗಿಲಲ್ಲಿ ನಿಂತು "ಓದವ್ವಾ" ಅಂದರು. ಇಬ್ಬರೂ ಅಲ್ಲೇ ಇದ್ದೆವು. ಅವಳು ನನ್ನ ಮುಖ ನೋಡಿದಳು, ನಾನು ಚಟ್ನಿ ರುಬ್ಬುತ್ತ ಕೂತೆ. ಅವಳು ಓದಿದಳು, ಒಂದು ಪದವೂ ತಪ್ಪಲಿಲ್ಲ. ಅವಳಿಗಿಂತ ಮೊದಲೇ ನನಗೆ ಗೊತ್ತಿದ್ದದ್ದು ಒಂದೇ ಒಂದು ಇಂಗ್ಲಿಷ್ ಪದ. ಅದನ್ನು ಆ ಮನೆಯಲ್ಲಿ ಮತ್ತೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.