ಶುಕ್ರವಾರದ ಸೈರನ್

ಹುಣಸೂರಿನ ಹೊರವಲಯದ ಒಂದು ಹಾಲಿನ ಡೈರಿಯಲ್ಲಿ ನಾನು ಕಂಪ್ರೆಸರ್ ಕೋಣೆಯ ಆಪರೇಟರ್. ಹಾಲನ್ನು ತಂಪು ಮಾಡುವುದು ಅಮೋನಿಯಾ ಅನಿಲ. ಅದು ಸೋರಿದರೆ ಕಣ್ಣು, ಗಂಟಲು, ಶ್ವಾಸಕೋಶ ಯಾವುದನ್ನೂ ಬಿಡುವುದಿಲ್ಲ. ಅದಕ್ಕೇ ಬಾಗಿಲ ಮೇಲೆ ಸೆನ್ಸರ್ ಡಬ್ಬಿಯಿದೆ. ಅನಿಲದ ಸುಳಿವು ಸಿಕ್ಕರೆ ಸೈರನ್ ಕೂಗುತ್ತದೆ, ಎಲ್ಲರೂ ಗೇಟಿನಾಚೆ ಓಡಬೇಕು.

ಒಂದು ವರ್ಷ ಅದು ಶುಕ್ರವಾರ ಬೆಳಿಗ್ಗೆ ತಪ್ಪದೆ ಕೂಗಲು ಶುರುಮಾಡಿತು. ಪ್ರತಿ ಸಲ ಪೈಪು, ವಾಲ್ವು ಎಲ್ಲ ತಡಕಾಡಿ ನನಗೆ ಸಾಕುಸಾಕಾಗುತ್ತಿತ್ತು. ಸೋರಿಕೆ ಮಾತ್ರ ಎಲ್ಲೂ ಇಲ್ಲ. ಮೈಸೂರಿನಿಂದ ಬಂದ ಮೆಕ್ಯಾನಿಕ್ ಸೆನ್ಸರನ್ನೇ ಬದಲಾಯಿಸಿ ಹೋದ. ಮುಂದಿನ ಶುಕ್ರವಾರ ಹೊಸದೂ ಕೂಗಿತು. ಮ್ಯಾನೇಜರ್ ನನ್ನನ್ನೇ ದುರುಗುಟ್ಟಿ ನೋಡಿದರು, ನಾನೇ ಒಳಗೆ ಕೂತು ಕೂಗಿದವನ ಹಾಗೆ. ಅದಕ್ಕಿಂತ ಹೊಟ್ಟೆ ಉರಿಸಿದ್ದು ನಮ್ಮವರು. ಮೊದಮೊದಲು ಓಡುತ್ತಿದ್ದವರು ಆಮೇಲೆ ನಿಧಾನಕ್ಕೆ ನಡೆದರು, ಕೊನೆಗೆ ಏಳುವುದನ್ನೇ ಬಿಟ್ಟರು. "ಬುಡಣ್ಣ, ಅದ್ರ ಅಣೇಬರವೇ ಅಷ್ಟು" ಎಂದು ಕ್ಯಾನು ತೊಳೆಯುವವರು ತಲೆಯನ್ನೂ ಎತ್ತುತ್ತಿರಲಿಲ್ಲ. ನಿಜವಾಗಿ ಸೋರಿದ ದಿನ ಇವರನ್ನೆಲ್ಲ ಹೊರಗೆ ಎಳೆಯುವುದು ಹೇಗೆಂದು ನನಗೆ ದಿಗಿಲು.

ಒಂದು ಶುಕ್ರವಾರ ಬೇಗನೆ ಹೋಗಿ ಕಾದು ನಿಂತೆ. ಕಸ ಗುಡಿಸುವ ಅಕ್ಕ ಬಂದಳು. ಕಂಪ್ರೆಸರಿಗೆ ಕುಂಕುಮ ಇಟ್ಟಳು. ಚೀಲದಿಂದ ಬಾಟಲಿ ತೆಗೆದು, ಮಾವಿನೆಲೆ ಅದ್ದಿ, ಹೊಸಿಲಿಗೆ ಚಿಮುಕಿಸಿದಳು. ಆಮೇಲೆ ಸ್ಟೂಲು ಹತ್ತಿ ಸೆನ್ಸರ್ ಡಬ್ಬಿಗೂ. ಅವಳ ಮನೆಯ ಹಸುವಿನ ಗಂಜಲ, ವಾರದಿಂದ ಬಾಟಲಿಯಲ್ಲೇ ಇದ್ದು ನಾತ ಹಿಡಿದದ್ದು. ಹಳೆಯ ಗಂಜಲದಿಂದ ಏಳುವುದೂ ಅಮೋನಿಯಾವೇ. ನೋಡನೋಡುತ್ತಲೇ ಸೈರನ್ ಕೂಗಿತು.

"ನಮ್ಮನ್ನೆಲ್ಲ ಕಾಯೋದು ಇದೇ ಅಲ್ವೇನಣ್ಣ, ಅದ್ಕೇ ಇದ್ಕೆ ಒಂದೆಳ್ಡು ತೊಟ್ಟು ಜಾಸ್ತಿ" ಎಂದಳು.

ಸಮಾಧಾನವಾಗಿ ತಿಳಿಸಿ ಹೇಳಬಹುದಿತ್ತು. ತಿಂಗಳುಗಟ್ಟಲೆ ನುಂಗಿಕೊಂಡಿದ್ದ ಸಿಟ್ಟು ನನ್ನ ಕೈಯಲ್ಲಿರಲಿಲ್ಲ. "ಇನ್ನೊಂದ್ಸಲ ಇದು ಕೂಗಿದ್ರೆ ನಿನ್ನ ಗೇಟೊಳಗೇ ಬುಡಕಿಲ್ಲ ಕಣಕ್ಕ" ಎಂದು ಎಲ್ಲರೆದುರು ಕೂಗಾಡಿದೆ. ಅವಳು ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಶುಕ್ರವಾರಗಳು ತಣ್ಣಗಾದವು. ಗೆದ್ದೆನೆಂದು ಬೀಗಿದೆ.

ಕೆಲವು ವಾರಗಳ ನಂತರ, ಒಂದು ಮಂಗಳವಾರ, ಸೈರನ್ ಕೂಗಿತು. "ಅಕ್ಕ ವಾರ ಮರ್ತವ್ಳೆ" ಎಂದು ಕ್ಯಾನು ತೊಳೆಯುವವರು ನಕ್ಕರು. ಅಷ್ಟರಲ್ಲಿ ಘಾಟು ನನ್ನ ಮೂಗಿಗೆ ಬಡಿಯಿತು. ಬೈದು, ತಳ್ಳಿ, ಅವರನ್ನು ಗೇಟಿನಾಚೆ ಅಟ್ಟಿದೆ. ಎಣಿಸಿದರೆ ಅಕ್ಕ ಇಲ್ಲ.

ಮಾಸ್ಕ್ ಹಾಕಿಕೊಂಡು ಓಡಿದೆ. ಒಳಗೆ ವಾಲ್ವೊಂದು ಬುಸುಗುಟ್ಟುತ್ತಿತ್ತು. ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು, ಮೊಣಕಾಲೂರಿ, ಒದ್ದೆ ಬಟ್ಟೆಯಲ್ಲಿ ಹೊಸಿಲು ತಿಕ್ಕುತ್ತಿದ್ದಳು. ರಟ್ಟೆ ಹಿಡಿದು ಹೊರಗೆ ಎಳೆದುತಂದೆ. ಅವಳ ಕಣ್ಣು ಕೆಂಡವಾಗಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ.

"ಸೈರನ್ ಕೇಳ್ಲಿಲ್ವೇನಕ್ಕ?"

"ಕೇಳ್ತು ಕಣಣ್ಣ. ದೇವ್ರಾಣೆಗೂ ಇವತ್ತು ನಾನೇನೂ ಚಿಮುಕ್ಸಿಲ್ಲ. ಹಳೇದೇನಾರ ಉಳ್ಕಂಡದೇನೋ ಅಂತ ಒರೆಸ್ತಿದ್ದೆ."